ಸರಕಾರವೆಂಬ ಗಿರಾಕಿ

ಕಾಡು ಹಾಳಾದ ಮಾತು ಬಂದಾಗ ನಮ್ಮ ಕಣ್ಣೆದುರು ಮೊದಲು ನಿಲ್ಲುವವನು ಕೊಡಲಿ ಹಿಡಿದ ಮನುಷ್ಯ. ಅವನ ಹಿಂದೆ ಗಾಡಿಯವನು, ಗಾಡಿಯವನ ಹಿಂದೆ ಕಟ್ಟಿಗೆ ಅಡ್ಡೆಯ ವ್ಯಾಪಾರಿ. ಈ ಮೂವರನ್ನು ಬೈದು ನಾವು ಸಮಾಧಾನ ಹೊಂದುತ್ತೇವೆ. ಆದರೆ ಈ ಸಾಲಿನ ತುದಿಯಲ್ಲಿ, ತುಸು ದೂರದಲ್ಲಿ, ಕುರ್ಚಿಯ ಮೇಲೆ ಕುಳಿತು ರುಜು ಹಾಕುವ ಒಬ್ಬ ಗಿರಾಕಿಯೂ ಇದ್ದಾನೆ. ಶಾಲೆಯ ಬಾಗಿಲು, ಕಚೇರಿಯ ಮೇಜು, ಆಸ್ಪತ್ರೆಯ ಕಪಾಟು, ಪಠ್ಯಪುಸ್ತಕದ ಕಾಗದ, ಪಡಿತರದ ಎಣ್ಣೆ ಎಲ್ಲವನ್ನೂ ಕೊಳ್ಳುವವನು ಅವನೇ. ಸರಕಾರವೆಂಬುದು ಅವನ ಹೆಸರು. ದೇಶದ ಒಟ್ಟು ಉತ್ಪನ್ನದ ಹೆಚ್ಚುಕಡಿಮೆ ಐದರಲ್ಲೊಂದು ಪಾಲಿನಷ್ಟು ಹಣ ಸರಕಾರಿ ಖರೀದಿಯಲ್ಲಿ ಹರಿಯುತ್ತದೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಇಷ್ಟು ದೊಡ್ಡ ಗಿರಾಕಿ ಸಂತೆಗೆ ಬಂದು, ‘ಈ ಸರಕು ಎಲ್ಲಿಂದ ಬಂತು?’ ಎಂದು ಒಂದು ಮಾತು ಕೇಳಿದರೆ ಸಂತೆಯ ನಡತೆಯೇ ಬದಲಾಗಲಿಕ್ಕೆ ಸಾಕು. ಕೇಳುವ ರೂಢಿ ಮಾತ್ರ ನಮ್ಮಲ್ಲಿ ಇನ್ನೂ ಬಂದಿಲ್ಲ.

ಈ ವಿಚಾರವನ್ನು ನೇಸರಗಿಯಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ಹೆಸರಿನಲ್ಲಿಯೇ ನೇಸರನನ್ನು ಹೊತ್ತುಕೊಂಡ ಊರು ಇದು. ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ದಾರಿಯ ಮೇಲಿದೆ. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನ ಇಲ್ಲಿ ದೊರೆತಿರುವುದರಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವೇನಲ್ಲ. ಸುತ್ತಲೂ ಎರೆಹೊಲ. ಬೇವು, ಬನ್ನಿ, ಜಾಲಿ ಬಿಟ್ಟರೆ ಹೇಳಿಕೊಳ್ಳುವಂಥ ಮರ ಕಡಿಮೆ. ಆದರೂ ಇಲ್ಲಿಯ ಹಳೆಯ ಮಾಳಿಗೆ ಮನೆಗಳ ಒಳಹೊಕ್ಕು ತಲೆ ಎತ್ತಿ ನೋಡಿದರೆ ಸಾಗವಾನಿಯ ತೊಲೆ, ಮತ್ತಿಯ ಜಂತಿ, ಹೊನ್ನೆಯ ಕಂಬ ಕಾಣಸಿಗುತ್ತವೆ. ಇವೆಲ್ಲ ಪಡುವಣ ಸೀಮೆಯಿಂದ, ಖಾನಾಪುರ ಅಳ್ನಾವರಗಳ ಕಡೆಯಿಂದ ಬಂದವು. ಅದೇ ಸೀಮೆಯ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಬೈಲಹೊಂಗಲ ತಾಲೂಕನ್ನು ದಾಟಿ, ಸವದತ್ತಿಯ ನವಿಲುತೀರ್ಥದ ಆಣೆಕಟ್ಟಿನಲ್ಲಿ ನಿಂತು, ರಾಮದುರ್ಗದ ಹೊಲಗಳನ್ನು ಕಾಣುತ್ತಾಳೆ. ಅಲ್ಲಿಯ ಮರವೂ ನಮ್ಮ ಮನೆಗೆ ಬೇಕು, ಆ ಮರ ಹಿಡಿದಿಟ್ಟ ನೀರೂ ನಮ್ಮ ಹೊಲಕ್ಕೆ ಬೇಕು. ಕಾಡಿಲ್ಲದ ಊರಿನವನಿಗೆ ಕಾಡಿನ ಗೊಡವೆ ಏಕೆಂದು ಕೇಳುವವರಿಗೆ ನದಿಯ ಈ ದಾರಿಯೇ ಉತ್ತರ.

ಸರಕಾರವು ಕಾಡಿನ ಗಿರಾಕಿಯಾದದ್ದು ಇಂದು ನಿನ್ನೆಯ ಮಾತಲ್ಲ. ನಮ್ಮ ಅರಣ್ಯ ಇಲಾಖೆಯ ಹುಟ್ಟಿನಲ್ಲಿಯೇ ಖರೀದಿಯ ವಾಸನೆ ಇದೆ. ಇಂಗ್ಲಿಷರಿಗೆ ಮೊದಲು ಬೇಕಾದದ್ದು ಹಡಗಿಗೆ ಸಾಗವಾನಿ. ಅದಕ್ಕೆಂದೇ 1806ರಲ್ಲಿ ಮಲಬಾರಿನಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕಾಡಿನ ಅಧಿಕಾರಿಯಾಗಿ ನಿಯಮಿಸಿದರು. ನಮ್ಮ ಭಾಗ ಸೇರಿದ್ದ ಮುಂಬಯಿ ಇಲಾಖೆಗೆ 1847ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಕನಾಗಿ ಬಂದ. ಆಮೇಲೆ ರೇಲ್ವೆ ಬಂತು. ಒಂದು ಮೈಲಿ ಹಳಿಗೆ ಕಡಿಮೆಯೆಂದರೂ 1,760 ಸ್ಲೀಪರು ಬೇಕು, ಹಾಕಿದ ಮರ ಮಳೆ ಗೆದ್ದಲುಗಳಿಗೆ ಸಿಕ್ಕು ಕೆಲವು ವರ್ಷಗಳಲ್ಲಿ ಮತ್ತೆ ಬದಲಾಗಬೇಕು. 1864ರಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾದುದು, 1878ರ ಅರಣ್ಯ ಕಾಯಿದೆ ಬಂದುದು, ಇವುಗಳ ಹಿಂದೆ ಸ್ಲೀಪರಿನ ಹಸಿವು ಎಷ್ಟಿತ್ತೆಂಬುದನ್ನು ಇತಿಹಾಸಕಾರರು ವಿವರವಾಗಿ ತೋರಿಸಿದ್ದಾರೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ನಮ್ಮ ಸೀಮೆಯನ್ನು ಸೀಳಿಕೊಂಡು ಲೋಂಡಾದ ಕಾಡಿನೊಳಗೆ ನುಗ್ಗಿತು. ಕಾಡನ್ನು ಕಾಯುವವನೂ ಸರಕಾರ, ಮಾರುವವನೂ ಸರಕಾರ, ಕೊಳ್ಳುವವನೂ ಸರಕಾರ ಎಂಬ ವಿಚಿತ್ರ ಸಂಸಾರ ಆಗ ಏರ್ಪಟ್ಟಿತು.

ಅದೇ ರೇಲ್ವೆಯ ಮುಂದಿನ ಕಥೆ ಆಶಾದಾಯಕವಾಗಿದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮರದ ಸ್ಲೀಪರಿನ ಜಾಗಕ್ಕೆ ಕಾಂಕ್ರೀಟಿನದು ಬಂತು. ಹಳಿಯ ಕೆಳಗೆ ಏನಿರಬೇಕೆಂಬ ನಮೂನೆಯನ್ನು ರೇಲ್ವೆ ತಿದ್ದಿತು; ಒಂದು ನೂರು ವರ್ಷ ಕಾಡನ್ನು ತಿಂದ ಬೇಡಿಕೆ ಅಷ್ಟರಿಂದಲೇ ಕರಗಿಹೋಯಿತು. ಕೊಳ್ಳುವವನ ಲೇಖನಿಗೆ ಇರುವ ಶಕ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತೋರದು.

ಈ ಶಕ್ತಿಯನ್ನು ತಿಳಿದೇ ಪ್ರಯೋಗಿಸಿದ ಒಂದು ಪ್ರಸಂಗ ನಮ್ಮ ದೇಶದಲ್ಲಿಯೇ ನಡೆದಿದೆ. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯು ತಾನು ಕಟ್ಟುವ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತು. ಕಾಡನ್ನು ಉಳಿಸಬೇಕೆಂಬ ಉದ್ದೇಶದಿಂದಲೇ ಮಾಡಿದ ಕಟ್ಟಳೆ ಅದು. 1988ರ ರಾಷ್ಟ್ರೀಯ ಅರಣ್ಯ ನೀತಿ ಆಗಲೇ ಬಂದಿತ್ತು. ಮರದ ಬದಲು ಬೇರೆ ಸಾಮಗ್ರಿ ಬಳಸಿರೆಂಬುದು ಅದರ ಒಂದು ಸೂತ್ರ. ಉದ್ದೇಶದ ಬಗ್ಗೆ ಯಾರಿಗೂ ತಕರಾರು ಇರಲಾರದು. ವಿಧಾನಸೌಧದಲ್ಲಿ ಮಂತ್ರಿಮಂಡಲ ಸೇರುವ ಕೋಣೆಗೆ ಶ್ರೀಗಂಧದ ಕದವನ್ನೇ ಇಟ್ಟು ಹೆಮ್ಮೆಪಟ್ಟವರು ನಾವು. 1956ರಲ್ಲಿ ಆ ಕಟ್ಟಡ ಮುಗಿಯಿತು. ಮೂವತ್ತೇಳು ವರ್ಷಗಳಲ್ಲಿ ಸರಕಾರಿ ಕಟ್ಟಡದ ಅಭಿರುಚಿ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಯೋಚಿಸಿದರೆ ಸೋಜಿಗವೆನಿಸುತ್ತದೆ.

ಕಟ್ಟಳೆಯ ಫಲವೇನಾಯಿತು? ಮರದ ಕದವಿದ್ದಲ್ಲಿ ಉಕ್ಕು, ಅಲ್ಯೂಮಿನಿಯಮ್, ಪ್ಲಾಸ್ಟಿಕ್ ಬಂದವು. ಕೇಂದ್ರದ ಕಟ್ಟಡಗಳಿಗೆ ಮಾಡಿದ ನಿಯಮ ಅದು. ಹಳ್ಳಿಯ ಶಾಲೆಗೆ ಅದು ನೇರವಾಗಿ ತಗಲದಿದ್ದರೂ ಗಾಳಿ ಬೀಸಿದ್ದು ಒಂದೇ ಕಡೆಗೆ. ನಮ್ಮ ಸುತ್ತಲಿನ ಶಾಲೆಗಳಲ್ಲಿ ಹಳೆಯ ಕೋಣೆಗೆ ಮರದ ಬಾಗಿಲು, ಹೊಸ ಕೋಣೆಗೆ ಕಬ್ಬಿಣದ ಬಾಗಿಲು ಎಂದು ಹುಡುಗರೇ ಗುರುತಿಸಿ ಹೇಳುತ್ತಾರೆ. ಉಕ್ಕು ಮಾಡಲು ಕಲ್ಲಿದ್ದಲು ಸುಡಬೇಕು, ಅಲ್ಯೂಮಿನಿಯಮಿಗೆ ಬೆಟ್ಟ ಅಗೆದು ಬಾಕ್ಸೈಟ್ ತೆಗೆಯಬೇಕು, ಮೇಲೆ ಅಪಾರ ವಿದ್ಯುತ್ತು ವ್ಯಯಿಸಬೇಕು. ಆ ಬೆಟ್ಟದ ಮೇಲೂ ಕಾಡೇ ಇರುತ್ತದೆ! ಇತ್ತ ಖಾಸಗಿ ಮನೆಗಳ ಬೇಡಿಕೆಯಂತೂ ನಿಲ್ಲಲಿಲ್ಲ. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಗೋದಾವರ್ಮನ್ ಮೊಕದ್ದಮೆಯಲ್ಲಿ ಕಾಡಿನ ಕಡಿತಕ್ಕೆ ಬಿಗಿಯಾದ ಲಗಾಮು ಹಾಕಿದ ಮೇಲೆ ಒಳನಾಡಿನ ಮರ ಇನ್ನೂ ಕಡಿಮೆಯಾಯಿತು. ಕೊರತೆಯನ್ನು ತುಂಬಿದವು ಹಡಗುಗಳು. ಮಲೇಶಿಯದ ಸರವಾಕದಿಂದ, ಬ್ರಹ್ಮದೇಶದಿಂದ ದಿಮ್ಮಿಗಳು ಬಂದವು. 2014ರಲ್ಲಿ ಬ್ರಹ್ಮದೇಶ ದಿಮ್ಮಿಯ ರಫ್ತು ನಿಲ್ಲಿಸಿದಾಗ ವ್ಯಾಪಾರಿಗಳು ಬೇರೆ ದೇಶ ಹುಡುಕಿದರು. ನಮ್ಮ ಕಾಡಿಗೆ ಬೀಳಬೇಕಾದ ಕೊಡಲಿಯನ್ನು ಬೋರ್ನಿಯೋ ದ್ವೀಪದವರ ಹೆಗಲಿಗೆ ದಾಟಿಸಿದಂತಾಯಿತು. ನೆರೆಮನೆಯ ಅಂಗಳಕ್ಕೆ ಕಸ ಗುಡಿಸಿ ನಮ್ಮ ಮನೆ ಸ್ವಚ್ಛವಾಯಿತೆನ್ನುವ ರೀತಿ ಇದು.

ಊರಲ್ಲಿ ಈ ಕಟ್ಟಳೆಗಳ ಹೆಸರನ್ನು ಯಾರೂ ಕೇಳಿಲ್ಲ. ಪರಿಣಾಮವನ್ನು ಮಾತ್ರ ಬಲ್ಲರು. ನಾನು ಕಾಕಾ ಎಂದು ಕರೆಯುವ ಒಬ್ಬ ಹಿರಿಯ ಬಡಿಗರಿದ್ದಾರೆ. ಉಳಿ, ಬಾಚಿ ಮೂಲೆಗಿಟ್ಟು ಈಗ ಕೂಡಿಗೆ ದಿಂಡು ಜೋಡಿಸುವ ರಿಪೇರಿಯಷ್ಟೇ ಮಾಡುತ್ತಾರೆ. ಒಮ್ಮೆ ಅವರನ್ನು ಈ ವಿಷಯದಲ್ಲಿ ಮಾತಿಗೆಳೆದೆ.

“ಮಾಸ್ತರ, ಮೊದಲ ಸಾಲಿ ಕೆಲಸಾ, ಚಾವಡಿ ಕೆಲಸಾ ಅಂತ ವರ್ಷದಾಗ ನಾಕು ತಿಂಗಳ ದುಡಿಮಿ ಇರತಿತ್ರಿ. ಕಬ್ಬಿಣದ ಕದಾ ಬಂದ ಮ್ಯಾಲ ಅದು ವೆಲ್ಡಿಂಗಿನವರ ಪಾಲಾತು. ನಾ ಏನ್ ಬ್ಯಾಡ ಅನ್ನಂಗಿಲ್ಲ. ಖರೇ ಅಡವಿ ಉಳದಿದ್ರ ನಾ ಉಪಾಸ ಇದ್ರೂ ಚಿಂತಿಲ್ರಿ. ಉಳೀತೇನು, ಅದನ್ನ ಹೇಳ್ರಿ.”

ಈ ಪ್ರಶ್ನೆಗೆ ಸರಳವಾಗಿ ಹೌದೆನ್ನುವ ಧೈರ್ಯ ನನಗಾಗಲಿಲ್ಲ. ಇನ್ನೊಂದು ಕಡೆ ರೈತರ ಸ್ಥಿತಿ ನೋಡಿ. ಹೊಲದ ಬದುವಿನಲ್ಲಿ ಸಾಗವಾನಿ, ಹೆಬ್ಬೇವು ಹಚ್ಚಿರೆಂದು ಇಲಾಖೆ ಸಸಿ ಕೊಡುತ್ತದೆ. 2011ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಎಂದು ಬದುಕಿದ ಸಸಿಗೆ ಹಣವನ್ನೂ ಕೊಡುತ್ತ ಬಂದಿದೆ. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಹೊರಬಿತ್ತು. ಹೀಗೆ ಒಂದು ಕೈ ಮರ ಬೆಳೆಯಿರೆಂದು ಬೆನ್ನು ತಟ್ಟುತ್ತಿರುವಾಗ, ಅದೇ ಸರಕಾರದ ಇನ್ನೊಂದು ಕೈ ಮರವನ್ನು ಕೊಳ್ಳಲಾರೆನೆಂದು ಬಾಗಿಲು ಹಾಕಿಕೊಂಡು ಕುಳಿತಿತ್ತು. ಎರಡು ಕೈಗಳ ನಡುವೆ ಒಂದು ಪತ್ರವೂ ಓಡಾಡಿದಂತೆ ಕಾಣದು.

ಕೊನೆಗೆ 2020ರ ಜುಲೈಯಲ್ಲಿ, ಇಪ್ಪತ್ತೇಳು ವರ್ಷಗಳ ಅನಂತರ, ಕೇಂದ್ರ ಲೋಕೋಪಯೋಗಿ ಇಲಾಖೆ ನಿಷೇಧವನ್ನು ಹಿಂತೆಗೆದುಕೊಂಡಿತು. ಹಾಗೆ ಮಾಡಿರೆಂದು ಹೇಳಿದ್ದು ಪರಿಸರ ಸಚಿವಾಲಯವೇ. ಮರವು ತನ್ನೊಳಗೆ ಇಂಗಾಲವನ್ನು ಹಿಡಿದಿಡುತ್ತದೆ, ಉಕ್ಕು ಪ್ಲಾಸ್ಟಿಕ್ಕುಗಳಿಗಿಂತ ಅದರಿಂದ ಪರಿಸರಕ್ಕೆ ಹಾನಿ ಕಡಿಮೆ, ಬೇಡಿಕೆ ಇದ್ದರೆ ರೈತ ಮರ ಬೆಳೆಯುತ್ತಾನೆ ಎಂಬುದು ವಾದ. 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನಕ್ಕೆ ನಾಗಪುರದ ಸಾಗವಾನಿ ಹೋಯಿತು. ನಿಷೇಧ ಹೋದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಅತಿಯಿಂದ ಇನ್ನೊಂದಕ್ಕೆ ಹಾರುವಾಗ ನಡುವಿನ ಮೆಟ್ಟಿಲನ್ನು ಬಿಟ್ಟೆವೆಂಬುದು ನನ್ನ ಅಭಿಪ್ರಾಯ. 1993ರ ಕಟ್ಟಳೆ ‘ಯಾವ ವಸ್ತು?’ ಎಂದು ಕೇಳಿತು. ಕಾಡಿಗೆ ಬೇಕಾದ ಪ್ರಶ್ನೆ ‘ಯಾವ ನೆಲದ ವಸ್ತು?’ ಎಂಬುದು. ಬದುವಿನ ಸಾಗವಾನಿಗೂ ಕದ್ದು ಕಡಿದ ಸಾಗವಾನಿಗೂ ಬಣ್ಣ ಒಂದೇ, ನಾರು ಒಂದೇ. ಅವೆರಡನ್ನೂ ಬೇರೆ ಮಾಡುವುದು ಅವು ಬೆಳೆದ ಜಾಗ ಮಾತ್ರ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅರಣ್ಯ ಮತ್ತು ಮರದ ಪ್ರಮಾಣೀಕರಣಕ್ಕೆ ನಮ್ಮದೇ ಆದ ಒಂದು ಯೋಜನೆಯನ್ನು ಪ್ರಾರಂಭಿಸಿದೆ. ಗುರುತು ಹಚ್ಚುವವನು ಬಂದನೆಂದಾಯಿತು. ಆ ಗುರುತನ್ನು ಕೇಳುವ ಗಿರಾಕಿ ಬರಬೇಕಷ್ಟೆ.

ಕೇಳಲಿಕ್ಕೆ ಜಾಗವೆಲ್ಲಿದೆ ಎಂಬುದನ್ನು ಒಂದು ಸಣ್ಣ ಖರೀದಿಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಡೆಸ್ಕು ಕೊಳ್ಳುವ ಸಭೆಯಲ್ಲಿ ನಾನೂ ಕುಳಿತಿದ್ದೆ. ಸಣ್ಣ ಮೊತ್ತವಾದ್ದರಿಂದ ಟೆಂಡರಿನ ಗೊಡವೆ ಇರಲಿಲ್ಲ. ಮೂರು ಕೊಟೇಶನ್ ತರಿಸಿ ಕಡಿಮೆಯದನ್ನು ಒಪ್ಪುವುದು ಪದ್ಧತಿ. ಊರ ಬಡಿಗರೊಬ್ಬರು ಇಲ್ಲಿಯ ಹೊಲದ ಮರದಲ್ಲಿ ಮಾಡಿಕೊಡುವೆನೆಂದು ಬರೆದ ದರ ತುಸು ಹೆಚ್ಚಾಯಿತು. ಪೇಟೆಯ ಸರಬರಾಜುದಾರನ ದರ ಕಡಿಮೆ, ಅದೇ ಮಂಜೂರಾಯಿತು. ಡೆಸ್ಕುಗಳು ಬಂದಾಗ ನಾನು ಕಾಕಾ ಅವರನ್ನು ಕರೆದು ತೋರಿಸಿದೆ.

“ಇದು ಎಲ್ಲಿ ಕಟಿಗಿ, ಕಾಕಾ?”

ಅವರು ಉಗುರಿನಿಂದ ಕೆರೆದು, ಮೂಸಿ ನೋಡಿದರು. “ಯಾರಿಗೆ ಗೊತ್ರಿ, ಮಾಸ್ತರ. ನಮ್ಮ ಅಡವ್ಯಾಗಿಂದಂತೂ ಅಲ್ಲ. ಹಡಗದಾಗ ಬಂದದ್ದು ಕಾಣತೈತಿ.”

ಕಡತದಲ್ಲಿ ಎಲ್ಲವೂ ಸರಿಯಾಗಿತ್ತು. ಡೆಸ್ಕಿನ ಉದ್ದ, ಅಗಲ, ಎತ್ತರ, ಬಣ್ಣ, ಮೊಳೆಯ ಸಂಖ್ಯೆ ಕೂಡ ನಮೂದಾಗಿದ್ದವು. ಮರದ ಊರು ಯಾವುದೆಂದು ಬರೆಯುವುದಕ್ಕೆ ಮಾತ್ರ ನಮೂನೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ದೊಡ್ಡ ಖರೀದಿಗಳ ಕಾಯಿದೆಯೂ ಇದೇ ಸ್ವಭಾವದ್ದು. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ ನಡೆಯುತ್ತಿದೆ. ಲಂಚಗುಳಿತನವನ್ನು ತಡೆಯಲು ಬಂದ ಒಳ್ಳೆಯ ಕಾಯಿದೆ. ಕಡಿಮೆ ದರದ ಟೆಂಡರನ್ನು ಒಪ್ಪಬೇಕೆಂಬುದು ಅದರ ಬೆನ್ನೆಲುಬು. ಆದರೆ ಲಕ್ಷ್ಯವಿಟ್ಟು ಓದಿದರೆ ಆ ಕಡಿಮೆ ದರವನ್ನು ಟೆಂಡರು ದಸ್ತಾವೇಜಿನಲ್ಲಿ ಹೇಳಿದ ಮಾನಕಗಳಿಗೆ ಅನುಸಾರವಾಗಿ ತೂಗಬೇಕೆಂದು ಕಾಯಿದೆಯೇ ಹೇಳುತ್ತದೆ. ಅಂದ ಮೇಲೆ ಬೀಗದ ಕೈ ಮಾನಕದಲ್ಲಿದೆ. ‘ಸರಕಿನ ಮೂಲವನ್ನು ತೋರಿಸುವ ದಾಖಲೆ ಕೊಡತಕ್ಕದ್ದು’ ಎಂಬ ಒಂದು ವಾಕ್ಯ ಅಲ್ಲಿ ಸೇರಿದರೆ ಎಲ್ಲ ಸರಬರಾಜುದಾರರೂ ಆ ಮಟ್ಟದ ಮೇಲೆಯೇ ದರದ ಪೈಪೋಟಿ ಮಾಡಬೇಕಾಗುತ್ತದೆ. ಇದಕ್ಕಾಗಿ ಹೊಸ ಕಾಯಿದೆ ಹುಟ್ಟಬೇಕಾಗಿಲ್ಲ.

ಖರೀದಿಯ ನಿಯಮದಲ್ಲಿ ಬೆಲೆಯ ಹೊರತು ಬೇರೊಂದು ಧ್ಯೇಯವನ್ನು ಸೇರಿಸುವುದು ನಮಗೆ ಹೊಸದೂ ಅಲ್ಲ. ಗುತ್ತಿಗೆಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳವರಿಗೆ ಇದೇ ಕಾಯಿದೆಯ ತಿದ್ದುಪಡಿಯಿಂದ ಪಾಲು ದೊರೆತಿದೆ. ಕೇಂದ್ರ ಸರಕಾರದ ಇಲಾಖೆಗಳು ಕೊಳ್ಳುವ ವಿದ್ಯುತ್ ಉಪಕರಣಗಳಿಗೆ ನಕ್ಷತ್ರದ ಗುರುತು ಇರಬೇಕೆಂದು ನಿಯಮವಿದೆ. ಎಲ್ಲಕ್ಕಿಂತ ಹತ್ತಿರದ ನಿದರ್ಶನ ಹುಬ್ಬಳ್ಳಿಯ ಬೆಂಗೇರಿಯದು. 1957ರಲ್ಲಿ ಸ್ಥಾಪಿತವಾದ ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಹೊಲಿಯುತ್ತದೆ. ಧ್ವಜವು ಕೈನೂಲಿನ, ಕೈಮಗ್ಗದ ಬಟ್ಟೆಯದೇ ಆಗಿರಬೇಕೆಂಬ ಒಂದು ನಿಯಮ ಎಷ್ಟೋ ಚರಕ ಮಗ್ಗಗಳನ್ನು ನಡೆಸಿತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟ ಮೇಲೆ, ಮರುವರ್ಷವೇ ಬೆಂಗೇರಿಯ ಬೇಡಿಕೆ ಕುಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ನಿಯಮದ ಒಂದು ಸಾಲು ಬದಲಾದರೆ ಹಳ್ಳಿಯ ನೂಲು ಕಡಿಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊರದೇಶದವರು ಏನು ಮಾಡಿದರೆಂದು ಕೇಳಬಹುದು. ಬ್ರಿಟನ್ನಿನ ಸರಕಾರ 2000ದಲ್ಲಿಯೇ ನ್ಯಾಯವಾಗಿ ಕಡಿದ, ಉಳಿಸಿ ಬೆಳೆಸಿದ ಕಾಡಿನ ಮರವನ್ನು ಕೊಳ್ಳುವುದು ತನ್ನ ನೀತಿ ಎಂದು ಸಾರಿತು. ಸಾರಿ ಎರಡು ವರ್ಷವಾಗಿರಲಿಲ್ಲ, 2002ರಲ್ಲಿ ಲಂಡನ್ನಿನ ಅವರ ಸಚಿವಸಂಪುಟದ ಕಚೇರಿಯನ್ನೇ ನವೀಕರಿಸುವಾಗ ಆಫ್ರಿಕದ ಮಳೆಕಾಡಿನ ಸಪೇಲಿ ಮರದ ಬಾಗಿಲುಗಳು ಬಂದವೆಂದು ಗ್ರೀನ್‌ಪೀಸ್ ಸಂಸ್ಥೆಯವರು ಕಟ್ಟಡದೊಳಗೆ ನುಗ್ಗಿ ಗದ್ದಲವೆಬ್ಬಿಸಿದರು. ಬರೆದ ನೀತಿ ಕಾಗದದ ಮೇಲೆ, ಬಾಗಿಲು ಗೋಡೆಯ ಮೇಲೆ! ಆ ಅಪಮಾನದಿಂದ ಅವರು ಪಾಠ ಕಲಿತರೆನ್ನಬೇಕು. ದಾಖಲೆಗಳನ್ನು ಹೇಗೆ ಪರೀಕ್ಷಿಸಬೇಕೆಂದು ಅಧಿಕಾರಿಗಳಿಗೆ ತಿಳಿಸಿಕೊಡಲು ಒಂದು ತಜ್ಞರ ಕೇಂದ್ರವನ್ನು ತೆರೆದರು. 2009ರಿಂದ ನಿಯಮವನ್ನು ಕಡ್ಡಾಯಕ್ಕೆ ತಂದರು. ನಾರ್ವೆಯ ಪಾರ್ಲಿಮೆಂಟು 2016ರಲ್ಲಿ ತನ್ನ ಸರಕಾರದ ಖರೀದಿಯಿಂದ ಮಳೆಕಾಡು ನಾಶವಾಗಕೂಡದೆಂದು ಹೇಳಿತು. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿ, 2020ರ ಅನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಮರ, ತಾಳೆ ಎಣ್ಣೆ ಮೊದಲಾದವು ತನ್ನ ಪೇಟೆಗೇ ಬರಬಾರದೆಂದು 2023ರಲ್ಲಿ ಕಾನೂನು ಮಾಡಿತು. ಅದರ ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಆದರೂ ಕೊಡಗು ಚಿಕ್ಕಮಗಳೂರುಗಳ ಸಣ್ಣ ಬೆಳೆಗಾರರು ತಮ್ಮ ತೋಟದ ಅಕ್ಷಾಂಶ ರೇಖಾಂಶಗಳನ್ನು ಬರೆಸುವ ಕಾಲ ಬಂದಿದೆ. ಯಾರೋ ಕೇಳಿದರೆಂದು ನಮ್ಮ ಕಾಫಿಯ ಮೂಲವನ್ನು ಹೇಳಲು ಸಿದ್ಧರಾದ ನಾವು, ನಾವೇ ಕೊಳ್ಳುವ ಸರಕಿನ ಮೂಲವನ್ನು ಕೇಳಲು ಏಕೆ ಸಂಕೋಚಪಡಬೇಕು?

ಮರಕ್ಕಿಂತ ಗುಟ್ಟಾಗಿ ಕಾಡನ್ನು ಹೊತ್ತು ತರುವ ಸರಕು ಎಣ್ಣೆ. 2015ರಲ್ಲಿ ಅನ್ನಭಾಗ್ಯದ ಪಡಿತರದೊಡನೆ ಲೀಟರಿಗೆ 25 ರೂಪಾಯಿಯಂತೆ ತಾಳೆ ಎಣ್ಣೆಯನ್ನು ಕೊಡತೊಡಗಿದ್ದು ವಾಚಕರಿಗೆ ನೆನಪಿರಬಹುದು. ಬಡವರ ಬಾಣಲೆಗೆ ಅದು ಆಧಾರವಾಯಿತು. ಕೊಟ್ಟದ್ದು ತಪ್ಪೆಂದು ಹೊಟ್ಟೆ ತುಂಬಿದವರು ಹೇಳಬಾರದು. ಕೆಲಕಾಲದ ಅನಂತರ ಅದು ಪಟ್ಟಿಯಿಂದ ಹೋಯಿತು. ಆದರೆ ನಮ್ಮ ದೇಶಕ್ಕೆ ಬರುವ ತಾಳೆ ಎಣ್ಣೆ ಬಹುಪಾಲು ಇಂಡೋನೇಶಿಯ, ಮಲೇಶಿಯಗಳದು. ಅಲ್ಲಿಯ ಸುಮಾತ್ರಾ ಬೋರ್ನಿಯೋಗಳಲ್ಲಿ ಮಳೆಕಾಡು ಹೋಗಿ ತಾಳೆ ತೋಟ ಬಂದ ಕಥೆ ಜಗತ್ತಿಗೇ ತಿಳಿದಿದೆ. ಕುಸುಬಿ, ಶೇಂಗಾ ಬೆಳೆದು ಗಾಣದ ಎಣ್ಣೆ ಉಂಡ ಸವದತ್ತಿ ಬೈಲಹೊಂಗಲಗಳ ಸೀಮೆಯಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಸಮುದ್ರದಾಚೆಯ ಎಣ್ಣೆಗಾಗಿ ಸಾಲು ನಿಂತದ್ದು ಕಾಲದ ಮಹಿಮೆ. ಇಂಥ ಖರೀದಿ ಇನ್ನೊಮ್ಮೆ ಬಂದಾಗ ಯಾವ ತೋಟದ ಎಣ್ಣೆ ಎಂದು ಕೇಳಬಹುದು, ಇಲ್ಲವೆ ನಮ್ಮ ಕುಸುಬಿಗೆ ಒಂದು ಪಾಲು ಮೀಸಲಿಡಬಹುದು. ಎರಡಕ್ಕೂ ಲೇಖನಿ ಒಂದೇ.

ಆಕ್ಷೇಪಗಳಿಲ್ಲವೆಂದಲ್ಲ. ಬೆಲೆ ಏರುತ್ತದೆ ಎಂಬುದು ಮೊದಲನೆಯದು. ಸ್ವಲ್ಪಮಟ್ಟಿಗೆ ಅದು ನಿಜ. ಪ್ರಮಾಣಪತ್ರದ ಖರ್ಚನ್ನು ದೊಡ್ಡ ಕಂಪನಿ ತಾಳಿಕೊಂಡೀತು, ಊರ ಬಡಿಗ ತಾಳಲಾರ ಎಂಬುದು ಎರಡನೆಯದು; ನನ್ನನ್ನು ಹೆಚ್ಚು ಕಾಡುವುದು ಇದೇ. ವಿದೇಶದ ಮುದ್ರೆಯನ್ನೇ ಕಡ್ಡಾಯ ಮಾಡಿದರೆ ಕಾಡು ಉಳಿಸುವ ನೆಪದಲ್ಲಿ ಕಾಕಾ ಅವರಂಥವರು ಎರಡನೆಯ ಸಲ ಕೆಲಸ ಕಳೆದುಕೊಂಡಾರು. ಆದರೆ ನಮ್ಮ ಮರಕ್ಕೆ ಮೂಲದ ದಾಖಲೆ ಈಗಾಗಲೇ ಇದೆ. ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಾದ ದಿಮ್ಮಿಗೆ ಸುತ್ತಿಗೆಯ ಮುದ್ರೆಯೂ ರಸೀದಿಯೂ ಇರುತ್ತವೆ. ರೈತನ ಸಾಗವಾನಿಗೆ 1976ರ ವೃಕ್ಷ ಸಂರಕ್ಷಣ ಅಧಿನಿಯಮದ ಪ್ರಕಾರ ಕಡಿಯುವ ಅಪ್ಪಣೆ, ಸಾಗಿಸುವ ರಹದಾರಿ ಇರುತ್ತವೆ. ಮರ ಕೊಯ್ಯುವ ಅಡ್ಡೆಯವರೆಗೆ ಬರುವ ಈ ಕಾಗದಗಳು ಅಲ್ಲಿಯೇ ಕಸದ ಬುಟ್ಟಿ ಸೇರುತ್ತವೆ. ಡೆಸ್ಕಿನ ಜೊತೆಗೆ ಶಾಲೆಯವರೆಗೆ ಬರಲಿ ಎಂದರೆ ಆಯಿತು. ಸುಳ್ಳು ಕಾಗದ ತರಲಾರರೇ ಎಂದು ಕೇಳಿದರೆ, ತರುವರು. ಸುಳ್ಳು ಕಾಗದ ತಂದವನನ್ನು ಹಿಡಿಯಬಹುದು. ಕಾಗದವನ್ನೇ ಕೇಳದಿದ್ದಾಗ ಹಿಡಿಯುವ ಮಾತೇ ಇಲ್ಲ.

ಶಿಕ್ಷಕರೂ ವಿದ್ಯಾರ್ಥಿಗಳೂ ಓದುವ ಪುಟವಿದು. ಕಾಗದದ ಬಗ್ಗೆ ಹೇಳದೆ ಬಿಡಲಾಗದು. ದಾಂಡೇಲಿಯ ಕಾಗದದ ಗಿರಣಿ 1955ರಲ್ಲಿ ಸ್ಥಾಪಿತವಾಯಿತು. ಉತ್ತರ ಕನ್ನಡದ ಬಿದಿರು ಅತ್ಯಲ್ಪ ಬೆಲೆಗೆ ಹೋಗಿ ಮೆಳೆಗಳು ಬರಿದಾದ ಬಗೆಯನ್ನು ಮಾಧವ ಗಾಡಗೀಳ ಮೊದಲಾದ ವಿಜ್ಞಾನಿಗಳು 1970ರ ದಶಕದಲ್ಲಿಯೇ ಅಭ್ಯಸಿಸಿ ಹೇಳಿದರು. ಸರಕಾರಿ ಶಾಲೆಯ ಮಕ್ಕಳಿಗೆ ಪ್ರತಿವರ್ಷ ಪುಸ್ತಕ ಅಚ್ಚುಹಾಕಿಸುವ ಸರಕಾರ ಎಂಥ ಕಾಗದದ ಗಿರಾಕಿಯೆಂದು ಬೇರೆ ಹೇಳಬೇಕೆ? ಕಬ್ಬಿನ ಸಿಪ್ಪೆಯಿಂದಲೂ ಒಳ್ಳೆಯ ಕಾಗದವಾಗುತ್ತದೆ. ನೆರೆಯ ತಮಿಳುನಾಡಿನ ಸರಕಾರವೇ ಕರೂರಿನಲ್ಲಿ ಅದರ ಗಿರಣಿ ಕಟ್ಟಿದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬಿಗೆ ಬರವೇ? ಪರಿಸರಕ್ಕೆ ಹಿತವಾದ ಸರಕಿಗೆಂದು 1991ರಲ್ಲಿ ಮಣ್ಣಿನ ಗಡಿಗೆಯ ಚಿತ್ರವುಳ್ಳ ‘ಇಕೋಮಾರ್ಕ್’ ಗುರುತನ್ನು ಕೇಂದ್ರ ಸರಕಾರ ತಂದಾಗ ಕಾಗದವೂ ಅದರೊಳಗಿತ್ತು. ಆ ಗಡಿಗೆಯನ್ನು ಕಂಡವರು ವಿರಳ. ಗುರುತು ಕೊಟ್ಟ ಸರಕಾರವೇ ಗುರುತು ನೋಡಿ ಕೊಳ್ಳದಿದ್ದರೆ ಉತ್ಪಾದಕನಿಗೆ ಅದರ ಹಂಗೇನು? 2024ರಲ್ಲಿ ಹೊಸ ನಿಯಮಗಳೊಡನೆ ಅದನ್ನು ಮತ್ತೆ ತಂದಿದ್ದಾರೆ.

ಡೆಸ್ಕಿನ ಪ್ರಸಂಗದ ಅನಂತರ ನಾವು ಕೆಲವರು ಕೂಡಿ, ಕೊಟೇಶನ್ನಿನ ನಮೂನೆಯಲ್ಲಿ ‘ಮರದ ಮೂಲ ಹಾಗೂ ರಹದಾರಿಯ ಸಂಖ್ಯೆ’ ಎಂಬ ಒಂದು ಸಾಲನ್ನು ಸೇರಿಸಬೇಕೆಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಅರ್ಜಿ ಬರೆದೆವು. ಉತ್ತರ ಬಂದಿತು, ನಿಗದಿತ ನಮೂನೆಯಲ್ಲಿ ಅಂಥ ಕಲಮಿಗೆ ಅವಕಾಶವಿಲ್ಲವೆಂದಿತ್ತು. ಕಾಕಾ ಅವರಿಗೆ ಅದನ್ನು ಓದಿ ಹೇಳಿದೆ. “ಹಂಗಾರ ನಮೂನೀನ ಬದಲ ಮಾಡಾಕ ಬರಕೋರಿ,” ಎಂದರು. ಈಗ ಆ ಅರ್ಜಿಯನ್ನು ಬರೆಯುತ್ತಿದ್ದೇವೆ.